ಕಾರಿನೊಳಗಿನ ಲೈಟು

ಶನಿವಾರ ಬೆಳಿಗ್ಗೆ ಗೋರಿಕಾಯಿಯ ನಾರು ತೆಗೆಯುತ್ತ ಕುಳಿತಿದ್ದೆ. ಒಂದು ಒಲೆಯ ಮೇಲೆ ಬೇಳೆ ಬೇಯುತ್ತಿತ್ತು, ಇನ್ನೊಂದರ ಮೇಲೆ ಕಾಫಿಗೆ ನೀರಿಟ್ಟಿದ್ದೆ. ಮುಕ್ಕಾಲು ಪಾಲು ಕಾಯಿ ಇನ್ನೂ ಮೊರದಲ್ಲೇ ಇರುವಾಗ ಹೊರಗೆ ಯಾರೋ ಗೇಟಿನ ಕೊಂಡಿ ಬಡಿದರು.

“ಏನುಂಗ ಭಾಮಾಮ್ಮಾ! ಗಾಡಿ ತೆಗೀಬೇಕುಂಗೋ. ಪೈಪ್ ಹಾಕೋರು ಬಂದಾಚ್ಚು.”

ಎದುರುಮನೆಯ ಗೋಪಾಲಸಾಮಿಯವರು. ಪೊಳ್ಳಾಚಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ನನ್ನ ಅತ್ತೆಯ ಕಾಲದಿಂದಲೂ ನೆರೆಯವರಾದ್ದರಿಂದ ಅವರ ಕೊಂಗುತಮಿಳಿಗೆ ನಮ್ಮ ಮನೆಯ ಕನ್ನಡ ಅರ್ಧಕ್ಕರ್ಧ ಬೆರೆತುಹೋಗಿದೆ.

ಸಿಂಗಾನಲ್ಲೂರಿನ ನಮ್ಮ ಬೀದಿ ಕಿರಿದು, ನಮ್ಮ ಅಂಗಳ ಅದಕ್ಕಿಂತ ಕಿರಿದು. ಕಾರು ಗೇಟಿನ ಹೊರಗೆ, ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳ ಮೇಲೆ, ತಗಡಿನ ಮಾಡಿನ ಕೆಳಗೆ ನಿಲ್ಲುತ್ತದೆ. ನೀರಿನ ಹೊಸ ಪೈಪಿಗೆ ಸರಿಯಾಗಿ ಆ ಚಪ್ಪಡಿಗಳ ಕೆಳಗೇ ಅಗೆಯಬೇಕಂತೆ. ಬೀದಿಯ ತುದಿಯಲ್ಲಿ ಹಳದಿ ಯಂತ್ರ ಬಂದು ನಿಂತಿತ್ತು. ಕೈಯಲ್ಲಿ ಟೇಪು ಹಿಡಿದಿದ್ದ ಮೇಸ್ತ್ರಿ ಒಂಬತ್ತು ಗಂಟೆಯವರೆಗೆ ಕಾಯುವುದಾಗಿ ಹೇಳಿದ.

ಸೆರಗಿಗೆ ಕೈ ಒರೆಸಿಕೊಂಡು ಕೀ ತಂದೆ. ಸೀಟಿನಲ್ಲಿ ಕುಳಿತು ತಿರುಗಿಸಿದೆ.

ಟಕ್.

ಅಷ್ಟೇ. ಇಂಜಿನ್ನು ಒಂದು ಸುತ್ತೂ ತಿರುಗಲಿಲ್ಲ. ಮತ್ತೆ ತಿರುಗಿಸಿದೆ. ಟಕ್. ಹೀಗೆ ಹತ್ತು ಸಲ ಆಗಿರಬೇಕು.

“ಅದಕ್ಕೂ ವಯಸ್ಸಾಯ್ತುಂಗ, ನನ್ನ ಹಾಗೆ. ಬೆಳಿಗ್ಗೆ ಕಾಪಿ ಕೊಡದೆ ಎಬ್ಬಿಸಿದ್ರೆ ಏಳುತ್ತಾ?” ಎಂದರು ಗೋಪಾಲಸಾಮಿ. ಅವರ ನಗೆ ನನಗೆ ಕೇಳಿಸಲಿಲ್ಲ. ನನ್ನ ಕಣ್ಣು ಮನೆಯ ಮೆಟ್ಟಿಲಿನ ಮೇಲಿತ್ತು. ಅಲ್ಲಿ ನನ್ನ ಮಗಳು ಸುಮೇಧಾ ಬಂದು ನಿಂತಿದ್ದಳು. ಅರ್ಧ ಹೆಣೆದ ಜಡೆ, ಹಲ್ಲಿನ ನಡುವೆ ರಿಬ್ಬನ್ನು. ಅವಳಿಗೆ ಹನ್ನೆರಡು. ಆ ಸದ್ದು ಅವಳಿಗೆ ಒಳಗಿನವರೆಗೂ ಕೇಳಿಸಿತ್ತು.

ನಾವಿಬ್ಬರೂ ಆ ಸದ್ದನ್ನು ಹಿಂದೊಮ್ಮೆ ಹೀಗೇ ಕೇಳಿದ್ದೆವು.

ಹೋದ ಡಿಸೆಂಬರಿನಲ್ಲಿ, ಒಂದು ಬೆಳಿಗ್ಗೆ ಆರು ಗಂಟೆಗೆ, ನನ್ನ ಗಂಡ ವಾದೀಶ ಎದೆ ಹಿಡಿದುಕೊಂಡು ಹಾಸಿಗೆಯ ಮೇಲೆ ಎದ್ದು ಕುಳಿತರು. ತಾವೇ ನಡೆದು ಬಂದು ಕಾರಿನ ಎಡಗಡೆ ಕುಳಿತರು. ನಾನು ಕೀ ತಿರುಗಿಸಿದೆ. ಟಕ್. ಎಷ್ಟು ಸಲ ತಿರುಗಿಸಿದರೂ ಟಕ್. ಬೀದಿಯವರು ಯಾರಾದರೂ ಏಳಲಿ ಎಂದು ಹಾರನ್ನಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. ಗೋಪಾಲಸಾಮಿ ಬನಿಯನ್ನಿನಲ್ಲೇ ಓಡಿಬಂದು, ಮುಖ್ಯರಸ್ತೆಗೆ ಹೋಗಿ ಆಟೋ ಕರೆತಂದರು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಆಸ್ಪತ್ರೆ ಮುಟ್ಟಿದ ಮೇಲೆ ಅವರು ಹೆಚ್ಚು ಹೊತ್ತು ಉಳಿಯಲಿಲ್ಲ. ಮೊದಲೇ ತಂದಿದ್ದರೆ ಉಳಿಯುತ್ತಿದ್ದರೇ ಎಂದು ನಾನು ಕೇಳಿದ್ದಕ್ಕೆ ಡಾಕ್ಟರು ನನ್ನ ಮುಖ ನೋಡಿ, “ಹೇಳಕ್ಕಾಗಲ್ಲಮ್ಮಾ” ಎಂದಷ್ಟೇ ಹೇಳಿದರು.

ಇದು ಬೀದಿಗೆಲ್ಲ ಗೊತ್ತಿರುವ ಮಾತು. ಗೊತ್ತಿಲ್ಲದ್ದು ಇನ್ನೊಂದಿದೆ. ಅಂದು ನಾನು ಕಾರಿನ ಬಾಗಿಲು ತೆಗೆಯುವ ಮೊದಲೇ ಒಳಗಿನ ಲೈಟು ಉರಿಯುತ್ತಿತ್ತು. ಚಾವಣಿಯಲ್ಲಿರುವ ಪುಟ್ಟ ಲೈಟು. ಹಿಂದಿನ ಸಂಜೆ ಸುಮೇಧಾ ಕಾರಿನೊಳಗೆ ಕುಳಿತು ಕಥೆಪುಸ್ತಕ ಓದಿದ್ದಳು. ಅದು ಅವಳ ಜಾಗ. ಊಟಕ್ಕೆ ಕರೆದಾಗ ಲೈಟು ಆರಿಸದೆ ಓಡಿಬಂದಿದ್ದಳು. ಆಟೋ ಬಂದು, ಅವರನ್ನು ಕಾರಿನಿಂದ ಇಳಿಸುವಾಗ ನನ್ನ ಕೈ ತಾನಾಗಿ ಮೇಲೆ ಹೋಗಿ ಆ ಸ್ವಿಚ್ಚು ಆರಿಸಿತು. ಹದಿನಾಲ್ಕು ವರ್ಷ ಸಂಸಾರ ಮಾಡಿದ ಕೈ, ಉರಿಯುವ ಲೈಟು ಕಂಡರೆ ಆರಿಸುತ್ತದೆ. ತಿರುಗಿದಾಗ ಸುಮೇಧಾ ಮೆಟ್ಟಿಲಿನ ಮೇಲೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

ಮೂರನೆಯ ದಿನ ಮನೆಗೆ ಜನ ಬಂದಿದ್ದರು. ಕಾರು ಸರಿಸಬೇಕಾಗಿತ್ತು. ಗೋಪಾಲಸಾಮಿಯವರು ಸೆಂದಿಲ್ ಕುಮಾರ್ ಎಂಬ ಮೆಕ್ಯಾನಿಕ್ಕನ್ನು ಕರೆತಂದರು. ಅವನು ತನ್ನ ಗಾಡಿಯ ಬ್ಯಾಟರಿಯಿಂದ ನಮ್ಮದಕ್ಕೆ ವೈರು ಎಳೆದು ಸ್ಟಾರ್ಟ್ ಮಾಡಿದ. “ಬ್ಯಾಟರಿ ಡೌನುಂಗ. ರಾತ್ರಿಯೆಲ್ಲ ಏನಾದ್ರೂ ಲೈಟ್ ಹಾಕಿಟ್ಟು ಬಿಟ್ಟಿದ್ರಾ?” ಎಂದು ಕೇಳಿದ.

“ಇಲ್ಲ” ಎಂದೆ.

ಅವನಿಗೆ ನೀರು ತಂದಿದ್ದ ಸುಮೇಧಾ ನನ್ನ ಹಿಂದೆಯೇ ಇದ್ದಳು. ಲೋಟವನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು ಒಳಗೆ ಹೋದಳು. ಆ ಸುಳ್ಳನ್ನು ಅವಳಿಗಾಗಿಯೇ ಹೇಳಿದ್ದೆ. ಆದರೆ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಅಮ್ಮ ಮುಚ್ಚಿಡುತ್ತಿದ್ದಾಳೆ ಅಂದರೆ ಮುಚ್ಚಿಡುವಂಥದ್ದೇ ಆಗಿರಬೇಕು ಎಂದು ಆ ಮಗು ತಿಳಿದುಕೊಂಡಿತು.

ಅಂದಿನಿಂದ ಅವಳು ಆ ಕಾರಿನಲ್ಲಿ ಕುಳಿತಿಲ್ಲ. ಶಾಲೆಗೆ ಬಸ್ಸು, ತಿರುಪ್ಪೂರಿನ ಅವಳ ಸೋದರತ್ತೆಯ ಮನೆಗೂ ಬಸ್ಸು. ಮನೆಯಲ್ಲಿ ಲೈಟುಗಳನ್ನು ಆರಿಸುತ್ತ ತಿರುಗುತ್ತಾಳೆ. ನಾನು ಇನ್ನೂ ಸ್ನಾನಕ್ಕೆ ಹೋಗಬೇಕಾದ ಬಚ್ಚಲಿನ ಲೈಟನ್ನೂ ಆರಿಸಿಬಿಡುತ್ತಾಳೆ. ಫೆಬ್ರವರಿಯಲ್ಲಿ ಒಮ್ಮೆ ತಲೆಗೆ ಎಣ್ಣೆ ಹಚ್ಚುವಾಗ, “ಅವತ್ತಿನ ವಿಷಯ ಅಮ್ಮನ್ನ ಏನಾದ್ರೂ ಕೇಳಬೇಕಾ ಕಣ್ಣಾ?” ಎಂದೆ. ತಲೆ ಎಳೆದುಕೊಂಡು ಎದ್ದುಹೋದಳು. ಎರಡು ದಿನ ಜ್ವರ ಬಂತು. ಆಮೇಲೆ ನಾನು ಕೆದಕಲಿಲ್ಲ. ಕೇಳಬೇಕೆನಿಸಿದಾಗ ಕೇಳುತ್ತಾಳೆ, ಕಾಯೋಣ ಎಂದುಕೊಂಡೆ. ನಿಜ ಹೇಳಬೇಕೆಂದರೆ ಕೇಳಿಬಿಟ್ಟಾಳೆಂಬ ಹೆದರಿಕೆಯೂ ಇತ್ತು. ಅವಳಿಂದಲೇ ಎಂದು ನಾನೂ ನಂಬಿದ್ದೆ. ಅವಳು ಕೇಳಿದರೆ ನನ್ನ ಬಳಿ ಇದ್ದದ್ದು ಆ ಒಂದೇ ಉತ್ತರ. ಹನ್ನೆರಡು ವರ್ಷದ ಮಗುವಿಗೆ ಅದನ್ನು ಯಾವ ಬಾಯಿಂದ ಹೇಳಲಿ?

“ಬಿಡಿಂಗಮ್ಮಾ, ನಾಲ್ಕು ಹುಡುಗರನ್ನ ಹಚ್ಚಿ ತಳ್ಳಿಸ್ತೇನೆ” ಎಂದ ಮೇಸ್ತ್ರಿ. ಅಗೆಯುವವರು ಆಗಲೇ ತೋಳು ಮಡಚಿಕೊಂಡಿದ್ದರು.

ಒಪ್ಪಿದ್ದರೆ ಎರಡು ನಿಮಿಷದ ಕೆಲಸ. ಬೇಳೆ ಇಳಿಸಲು ಒಳಗೆ ಹೋಗಬಹುದಿತ್ತು. ಆದರೆ ಅದೇ ಸದ್ದು ಬಂದಿದೆ, ಅದೇ ಕಾರು, ನಾವಿಬ್ಬರೂ ಇಲ್ಲೇ ಇದ್ದೇವೆ. ಇವತ್ತು ತಳ್ಳಿಸಿಬಿಟ್ಟರೆ ಇದು ಯಾಕೆಂದು ಇನ್ನು ಯಾವತ್ತೂ ತಿಳಿಯುವುದಿಲ್ಲ ಅನಿಸಿತು. ರಾತ್ರಿ ಯಾರೂ ಲೈಟು ಹಾಕಿಟ್ಟಿರಲಿಲ್ಲ. ಪ್ರತಿ ಶನಿವಾರವೂ ಹತ್ತು ನಿಮಿಷ ಇಂಜಿನ್ ಓಡಿಸುತ್ತ ಬಂದಿದ್ದೆ. ಕೆಲವು ಶನಿವಾರ ಒಂದೆರಡು ಸಲ ಟಕ್ ಎಂದು ಆಮೇಲೆ ಹತ್ತುತ್ತಿತ್ತು. ಹಳೇ ಗಾಡಿಯ ಮುನಿಸು ಎಂದು ಸುಮ್ಮನಿದ್ದೆ.

“ಒಂದು ಗಂಟೆ ಕೊಡಿ” ಎಂದೆ. “ನಾನೇ ನೋಡ್ತೇನೆ.”

“ನೀವಾ?” ಎಂದ ಮೇಸ್ತ್ರಿ. ಗೋಪಾಲಸಾಮಿ ಅವನ ಹೆಗಲಿನ ಮೇಲೆ ಕೈಹಾಕಿ, “ಆ ಮನೆಯೋರು ಪೂರಾ ಗಾಡೀನ ಬಿಚ್ಚಿ ಮತ್ತೆ ಸೇರಿಸಿದೋರಪ್ಪಾ. ಬಾ, ಟೀ ಕುಡಿಯೋಣ” ಎಂದು ಕರೆದುಕೊಂಡು ಹೋದರು.

ಬಿಚ್ಚುತ್ತಿದ್ದದ್ದು ವಾದೀಶ. ಪಂಪ್‌ಸೆಟ್ ಕಂಪನಿಯಲ್ಲಿ ಅವರದು ಕಾಗದಪತ್ರದ ಕೆಲಸ. ಭಾನುವಾರ ಬಂದರೆ ಹಳೆಯ ಲುಂಗಿ ಉಟ್ಟು ಕಾರಿನ ಬಾನೆಟ್ ತೆರೆಯುತ್ತಿದ್ದರು. ವರ್ಕ್‌ಶಾಪಿಗೆ ಬಿಟ್ಟರೆ ಏನು ಕೆಟ್ಟಿತ್ತೆಂದು ಗೊತ್ತಾಗದೆಯೇ ಸರಿಯಾಗಿ ಬರುತ್ತದೆ, ಅದು ಅವರಿಗೆ ಆಗದು. ಸುಮೇಧಾ ಟಾರ್ಚ್ ಹಿಡಿಯುತ್ತಿದ್ದಳು, ಕೇಳಿದ ಸ್ಪ್ಯಾನರ್ ಕೊಡುತ್ತಿದ್ದಳು. ಒಮ್ಮೆ ಆನೈಮಲೈಗೆ ಹೋಗುವಾಗ ಪೊಳ್ಳಾಚಿ ದಾಟಿದ ಮೇಲೆ ಇಂಜಿನ್ ಕುದಿಯಿತು. ತೆಂಗಿನ ತೋಟವೊಂದರ ಪಕ್ಕ ಕಾರು ನಿಲ್ಲಿಸಿ, ಒಡೆದ ನಳಿಕೆಗೆ ಅಪ್ಪ ಮಗಳು ಬಟ್ಟೆ ಸುತ್ತಿ ಕಟ್ಟುವುದನ್ನು ನಾನು ಎಳನೀರು ಕುಡಿಯುತ್ತ ನೋಡಿದ್ದೆ.

ನನ್ನ ತವರು ಹರಿಹರ. ನಾಲ್ಕು ತಲೆಮಾರಿನಿಂದ ಕೊಯಮತ್ತೂರಿನಲ್ಲಿರುವ ಈ ಮನೆಯವರು ಕನ್ನಡ ಮಾತಾಡುತ್ತಾರೆ, ಓದಲು ಬರೆಯಲು ಬಾರದು. ಮದುವೆಯಾದ ಹೊಸದರಲ್ಲಿ ನನ್ನ ಪತ್ರಗಳನ್ನು ಓದಬೇಕೆಂದು ವಾದೀಶ ನನ್ನಿಂದ ಅಕ್ಷರ ಕಲಿತರು. ಕೈ ಪಳಗಲೆಂದು ಭಾನುವಾರ ಮಾಡಿದ ರಿಪೇರಿಯನ್ನು ಕನ್ನಡದಲ್ಲಿ ಬರೆದಿಡತೊಡಗಿದರು. ಗೋಡೆಯ ತಮಿಳು ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದು, ಹಿಂಬದಿಯಲ್ಲಿ ಬರೆದು, ಮಹಡಿ ಮೆಟ್ಟಿಲಿನ ಕೆಳಗೆ ನೇತುಹಾಕಿದ ಸೈಕಲ್ ಕಡ್ಡಿಗೆ ಚುಚ್ಚುತ್ತಿದ್ದರು. ಹದಿನಾಲ್ಕು ವರ್ಷದ ಹಾಳೆಗಳು. ಸುಮೇಧಾ ತಮಿಳು, ಇಂಗ್ಲಿಷ್ ಓದುತ್ತಾಳೆ. ಅವಳಿಗೆ ಆ ಹಾಳೆಗಳು ಬರೀ ಸುರುಳಿ ಗೆರೆಗಳು.

ಬೇಳೆಯ ಒಲೆ ಆರಿಸಿ, ಕಾಫಿ ನೀರಿನ ಉರಿ ಸಣ್ಣ ಮಾಡಿ, ಕಡ್ಡಿಯನ್ನು ಇಳಿಸಿ ತಂದೆ. ಮೆಟ್ಟಿಲಿನ ಮೇಲೆ ಕುಳಿತು ಅಡಿಯ ಹಳೆಯ ಹಾಳೆಗಳಿಂದ ಹುಡುಕಿದೆ. ಬ್ರೇಕು ಕಿರುಗುಟ್ಟಿದ್ದು, ವೈಪರ್ ಗೀರಿದ್ದು, ಬಾಗಿಲಿಗೆ ನೀರು ಇಳಿದದ್ದು. ಮಗಳು ನನ್ನ ಪಕ್ಕದಲ್ಲಿ ನಿಂತಳು, ಕೂರಲಿಲ್ಲ.

“ಸಿಕ್ತು” ಎಂದೆ. ಹಾಳೆ ಆರು ವರ್ಷ ಹಳೆಯದು. ಒಂದನೇ ತರಗತಿಯ ಮಗು ಬರೆದಂಥ ದುಂಡನೆಯ ಅಕ್ಷರ. ಅವಳಿಗೆ ಕೇಳುವಂತೆ ಓದಿದೆ. “‘ಟಕ್ ಅಂತ ಒಂದೇ ಸದ್ದು. ದೊಡ್ಡ ಲೈಟ್ ಹಾಕಿ ನೋಡು. ಮೊದಲೇ ಮಂಕಾಗಿದ್ದರೆ ಬ್ಯಾಟರಿ ಇಳಿದಿದೆ. ಚೆನ್ನಾಗಿ ಉರಿದು, ಕೀ ತಿರುಗಿಸಿದ ಕೂಡಲೇ ಆರಿಹೋದರೆ ಬ್ಯಾಟರಿ ಸರಿ ಇದೆ, ಕ್ಲಾಂಪ್ ನೋಡು. ಪಾಪ, ಎಲ್ಲರೂ ಬ್ಯಾಟರಿ ಮೇಲೆ ಹಾಕ್ತಾರೆ.’”

ಹಾಳೆ ಮಡಚಿದೆ. “ಇದಕ್ಕೆ ಇಬ್ಬರು ಬೇಕು ಮೇಧಾ. ಒಳಗೆ ಒಬ್ಬರು, ಮುಂದೆ ನಿಂತು ನೋಡೋಕೆ ಒಬ್ಬರು.”

“ನಾನು ಒಳಗೆ ಕೂರಲ್ಲ.”

“ಬೇಡ. ನೀನು ಮುಂದೆ ನಿಲ್ಲು.”

ಬಂದು ನಿಂತಳು. ತಗಡಿನ ನೆರಳಿನಲ್ಲಿ ಲೈಟಿನ ಮುಂದೆ ಅಂಗೈ ಹಿಡಿದಳು. ಅದು ಅವಳ ಅಪ್ಪ ಹಿಡಿಯುತ್ತಿದ್ದ ರೀತಿ. ಅದು ಅವಳಿಗೆ ತಿಳಿಯಲಿಲ್ಲ ಅನಿಸುತ್ತದೆ.

ದೊಡ್ಡ ಲೈಟು ಹಾಕಿದೆ. “ಹೇಗಿದೆ?”

“ಚೆನ್ನಾಗೇ ಉರೀತಿದೆ. ಕಣ್ಣು ಕೂಸುತ್ತೆ, ನೋಡಕ್ಕಾಗಲ್ಲ.”

“ಈಗ ನೋಡು.” ಕೀ ತಿರುಗಿಸಿದೆ. ಟಕ್.

ಅವಳು ಬಾನೆಟ್ಟಿನ ಮೇಲಿನಿಂದ ನನ್ನನ್ನು ನೋಡಿದಳು.

“ಮೇಧಾ?”

“ಆರಿಹೋಯ್ತು. ಪೂರಾ. ಈಗ ಮತ್ತೆ ಉರೀತಿದೆ.” ಅಂಗೈಯನ್ನು ಮತ್ತೆ ಲೈಟಿಗೆ ಹಿಡಿದು, “ಇನ್ನೊಂದು ಸಲ ಮಾಡು” ಎಂದಳು.

ಮೂರು ಸಲ ಮಾಡಿಸಿದಳು. ಮೂರು ಸಲವೂ ಹಾಗೇ ಆಯಿತು.

ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದೆ. ಹತ್ತು ತಿಂಗಳಿನಿಂದ ಕಣ್ಣೆದುರೇ ಇದ್ದದ್ದು ಈಗ ಕಂಡಿತು. ಅಂದು ಬೆಳಿಗ್ಗೆ ಒಳಗಿನ ಆ ಪುಟ್ಟ ಲೈಟು ಉರಿಯುತ್ತಿತ್ತು. ಮಿಣುಕುತ್ತಿರಲಿಲ್ಲ. ಚೆನ್ನಾಗಿ, ಬೆಳ್ಳಗೆ ಉರಿಯುತ್ತಿತ್ತು. ಅದರ ಬೆಳಕಿನಲ್ಲೇ ಅವರ ಹಣೆಯ ಬೆವರು ನನಗೆ ಕಂಡಿದ್ದು. ಮತ್ತೆ ಹಾರನ್ನು? ಬೀದಿಯ ತುದಿಯವರೆಗೂ ಕೇಳಿತ್ತೆಂದು ಎಲ್ಲರೂ ಹೇಳಿದ್ದರು. ಇಳಿದುಹೋದ ಬ್ಯಾಟರಿ ಹಾಗೆ ಕೂಗುತ್ತದೆಯೇ?

ಅಲ್ಲೇ ಇಳಿದು ಅವಳನ್ನು ಅಪ್ಪಿಕೊಂಡು ಹೇಳಿಬಿಡಬೇಕೆನಿಸಿತು. ಹೇಳಲಿಲ್ಲ. ನಾನು ಒಮ್ಮೆ ಸುಳ್ಳು ಹೇಳಿದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಇದನ್ನು ಅವಳು ತನ್ನ ಕೈಯಾರೆ ಬಿಚ್ಚಿ ನೋಡಲಿ.

ಲೈಟು ಆರಿಸಿ ಇಳಿದೆ. ಬಾನೆಟ್ ಎತ್ತಿದೆವು. ಬ್ಯಾಟರಿಯ ಮೇಲೆ ಎರಡು ಸೀಸದ ಗೂಟಗಳು, ಅವನ್ನು ಉಂಗುರದ ಹಾಗೆ ಕಚ್ಚಿ ಹಿಡಿದ ಎರಡು ಕ್ಲಾಂಪುಗಳು. ಸುತ್ತ ಸುಣ್ಣದಂಥ ಬಿಳಿ ಹಿಟ್ಟು ಬೆಳೆದಿತ್ತು. ಹೊರಗಿನಿಂದ ನೋಡಿದರೆ ಬಿಗಿಯಾಗಿಯೇ ಇದ್ದವು. ಹತ್ತನೇ ನಂಬರಿನ ಸ್ಪ್ಯಾನರನ್ನು ಕೆಂಪು ಮುಚ್ಚಳದ ಕಡೆಗೆ ಒಯ್ದೆ.

“ಅಮ್ಮಾ! ಮೈನಸ್ ಮೊದಲು!”

ಸ್ಪ್ಯಾನರ್ ಕೈಯಿಂದ ಜಾರುವಷ್ಟು ಜೋರಾಗಿ ಕೂಗಿದಳು. ಹತ್ತು ತಿಂಗಳಿನಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದೇ ಇಲ್ಲ.

“ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ಕಿಡಿ ಹಾರುತ್ತೆ. ಅಪ್ಪಾ ನೂರು ಸಲ ಹೇಳಿದಾರೆ. ನೀನು ಕೇಳಿಸಿಕೊಳ್ಳೋದೇ ಇಲ್ಲ.”

“ನಾನು ಅಡುಗೆಮನೇಲಿ ಇರ್ತಿದ್ದೆನಲ್ಲ.”

“ಶೆರಿ, ಕೊಡು ಇಲ್ಲಿ.”

ರಿಬ್ಬನ್ನಿನಿಂದ ಕೂದಲು ಕಟ್ಟಿಕೊಂಡು ಸ್ಪ್ಯಾನರ್ ತೆಗೆದುಕೊಂಡಳು. ಮೈನಸ್ ಬಿಚ್ಚಿ ಪಕ್ಕಕ್ಕೆ ಸರಿಸಿ, ಆಮೇಲೆ ಪ್ಲಸ್. ನಟ್ಟು ಸಡಿಲವಾದರೂ ಪ್ಲಸ್ಸಿನ ಕ್ಲಾಂಪು ಬಿಡಲಿಲ್ಲ. ಇಬ್ಬರೂ ಸೇರಿ ತಿರುಚಿ ಮೇಲೆತ್ತಿದೆವು. ಗೂಟದ ಸುತ್ತ, ಕ್ಲಾಂಪಿನ ಒಳಮೈಗೆಲ್ಲ ಒಂದು ಮಾಸಲು ಪದರ ಅಂಟಿ ಗಟ್ಟಿಯಾಗಿತ್ತು. ಸೀಸಕ್ಕೂ ಸೀಸಕ್ಕೂ ನಡುವೆ ಕುಳಿತ ಗಾರೆಯ ಹಾಗೆ. ಉಗುರಿನಿಂದ ಕೆರೆದರೆ ಪುಡಿ ಉದುರಿತು.

“ಇದೇ ಅಡ್ಡ ಇದ್ದದ್ದು” ಎಂದಳು. “ಸಣ್ಣ ಲೈಟಿಗೆ ಬೇಕಾದಷ್ಟು ಕರೆಂಟ್ ಬಿಡುತ್ತೆ. ಇಂಜಿನ್ ತಿರುಗಿಸೋಕೆ ಬೇಕಾದ್ದನ್ನ ಬಿಡಲ್ಲ.” ಅವಳ ಅಪ್ಪನ ಮಾತಿನ ಧಾಟಿಯೇ. ಸೆಂದಿಲ್ ಕುಮಾರ್ ಅಂದು ತನ್ನ ವೈರನ್ನು ಈ ಕ್ಲಾಂಪಿಗೇ ಕಚ್ಚಿಸಿದ್ದ, ಅವನ ಕರೆಂಟು ಈ ಪದರವನ್ನು ದಾಟಬೇಕಾಗಿರಲಿಲ್ಲ.

ಬಿಳಿ ಹಿಟ್ಟಿಗೆ ಬಿಸಿನೀರು, ಅಡುಗೆ ಸೋಡಾ ಎಂದು ಇನ್ನೊಂದು ಹಾಳೆಯಲ್ಲಿತ್ತು. ಒಳಗೆ ಓಡಿ ಕಾಫಿಗಿಟ್ಟ ನೀರಿಗೇ ಎರಡು ಚಮಚ ಸೋಡಾ ಹಾಕಿ ತಂದೆ. ಹಳೆಯ ಹಲ್ಲುಜ್ಜುವ ಬ್ರಷ್ಷು ತಂದೆ. ಅವಳು ಬ್ರಷ್ಷು ಹಿಡಿದಳು, ನಾನು ನಿಧಾನವಾಗಿ ಸುರಿದೆ. ಉಸ್ಸೆಂದು ನೊರೆ ಎದ್ದಿತು.

“ಅಮ್ಮಾ, ಇಲ್ಲಿ ನೋಡು. ಕೆಂಪಾಗ್ತಿದೆ.”

ಗೂಟದ ನೆತ್ತಿಯಲ್ಲಿ, ಮಾಸಲು ಪದರದ ನಡುವೆ, ಒಂದು ಹಳದಿ ಚುಕ್ಕೆ ಇತ್ತು. ಸೋಡಾ ನೀರು ಬಿದ್ದಲ್ಲೆಲ್ಲ ಅದು ಕೆಂಪಾಗುತ್ತಿತ್ತು.

ನನ್ನ ಕೈ ನಿಂತಿತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು, ಹುಳಿ ಬಿದ್ದರೆ ಮತ್ತೆ ಹಳದಿಗೆ ತಿರುಗುವುದು ಅಡುಗೆಮನೆಯಲ್ಲಿ ಬದುಕಿದವರಿಗೆಲ್ಲ ಗೊತ್ತು. ಬ್ಯಾಟರಿಯ ಆಸಿಡ್ಡು ಹುಳಿಯ ಹಾಗೆ, ಸೋಡಾ ಸುಣ್ಣದ ಹಾಗೆ. ಅದು ಕುಂಕುಮ. ಹರಿಹರದಲ್ಲಿ ನಮ್ಮ ಅಮ್ಮ ಮನೆಯಲ್ಲೇ ಅರಿಶಿನದಿಂದ ಮಾಡಿ ಕಳಿಸುವ ಕುಂಕುಮ. ಸುತ್ತ ಗಟ್ಟಿಯಾಗಿದ್ದದ್ದು ಗಂಧ. ಇಟ್ಟವಳು ನಾನು.

ಹೋದ ವರ್ಷದ ಆಯುಧಪೂಜೆಗೆ ವಾದೀಶ ಬ್ಯಾಟರಿ ಕಳಚಿ, ತಿಕ್ಕಿ ಹೊಳೆಯುವಂತೆ ಮಾಡಿ, ಸ್ಪ್ಯಾನರು, ಸ್ಕ್ರೂಡ್ರೈವರುಗಳ ಜೊತೆ ಮಣೆಯ ಮೇಲೆ ಸಾಲಾಗಿ ಇಟ್ಟಿದ್ದರು. ನಾನು ಗಂಧ ತೇಯ್ದು ಒಂದೊಂದಕ್ಕೂ ಇಡುತ್ತ ಹೋದೆ. ಬ್ಯಾಟರಿಗೆ ಎಲ್ಲಿಡುವುದೆಂದು ನೋಡಿದೆ. ಎದ್ದು ಕಾಣುತ್ತಿದ್ದದ್ದು ಆ ಎರಡು ಗೂಟಗಳು. ಎರಡಕ್ಕೂ ಧಾರಾಳವಾಗಿ ಗಂಧ ಮೆತ್ತಿ, ನೆತ್ತಿಗೆ ಕುಂಕುಮವಿಟ್ಟು, ಅಕ್ಷತೆ ಹಾಕಿ ಕೈಮುಗಿದಿದ್ದೆ.

“ಏನಮ್ಮಾ?”

“ಕಡ್ಡಿ ತಗೊಂಡು ಬಾ” ಎಂದೆ. “ಹೋದ ಅಕ್ಟೋಬರಿನದು ನೋಡಬೇಕು.”

ಕ್ಯಾಲೆಂಡರಿನ ಮುಂಬದಿಯ ತಮಿಳು ತಾರೀಕು ಅವಳಿಗೆ ಓದಲು ಬರುತ್ತದೆ. ಅವಳೇ ಹುಡುಕಿದಳು. ವಿಜಯದಶಮಿಯ ಹಾಳೆ ಕಳಚಿ ನನ್ನ ಕೈಗಿಟ್ಟಳು. ನಾನು ಮೊದಲು ಮನಸ್ಸಿನಲ್ಲಿ ಓದಿಕೊಂಡೆ. ಅಕ್ಷರಗಳು ಕದಡಿದವು. ಸೆರಗಿನಿಂದ ಕಣ್ಣು ಒರೆಸಿಕೊಂಡೆ.

“ಜೋರಾಗಿ ಓದು.”

ಎಲ್ಲವನ್ನೂ ಓದದೆ ಬಿಡಬಹುದಿತ್ತು. ಅವಳಿಗೆ ಅಕ್ಷರ ಬಾರದು. ಒಂದು ಸಾಲು ಹಾರಿಸಿದರೆ ಅವಳಿಗೆ ತಿಳಿಯುವುದಿಲ್ಲ. ಸೆಂದಿಲ್ ಕುಮಾರನ ಮುಂದೆ ನಾನು ‘ಇಲ್ಲ’ ಎಂದದ್ದು ನೆನಪಾಯಿತು. ಓದಿದೆ.

“‘ಬ್ಯಾಟರಿ ವಾಪಸ್ ಹಾಕಿದೆ. ಗೂಟದ ಮೇಲೆ ಭಾಮಾ ಗಂಧ ಕುಂಕುಮ ಇಟ್ಟಿದ್ದಾಳೆ. ಒರೆಸಬೇಕು. ಹಬ್ಬದ ದಿನ ಮನಸ್ಸು ಬರಲಿಲ್ಲ. ಮೇಲೆಯೇ ಬಿಗಿದೆ. ಮುಂದಿನ ಭಾನುವಾರ ತೆಗೆದು ಒರೆಸಬೇಕು.’”

“ಆಮೇಲಿನದು?”

ಆಮೇಲೆ ಒಂದು ಹಾಳೆಯಲ್ಲಿ ಹಿಂದಿನ ಚಕ್ರದ ಗಾಳಿಯ ವಿಷಯ. ಇನ್ನೊಂದು ನವೆಂಬರಿನದು. “‘ಬೆಳಿಗ್ಗೆ ಟಕ್ ಅಂತು. ಎರಡನೇ ಸಲ ಹತ್ತಿತು. ಗಂಧ ಇನ್ನೂ ಒರೆಸಿಲ್ಲ. ಭಾನುವಾರ.’” ಆ ಭಾನುವಾರ ತಿರುಪ್ಪೂರಿನಲ್ಲಿ ನನ್ನ ನಾದಿನಿ ಪದ್ಮಪ್ರಿಯಾಳ ಮನೆಯ ಗೃಹಪ್ರವೇಶವಿತ್ತು. ಅದರ ಮುಂದಿನ ವಾರ ನೆಂಟರು ಬಂದಿದ್ದರು. ಕಡ್ಡಿಯಲ್ಲಿ ಅದಾದ ಮೇಲೆ ಹಾಳೆಯಿಲ್ಲ.

ಸುಮೇಧಾ ಆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದಳು, ಓದಲು ಬರುವವಳ ಹಾಗೆ. “ನಿನ್ನ ಹೆಸರು ಎಲ್ಲಿದೆ?” ಎಂದಳು. ತೋರಿಸಿದೆ. ಆ ಎರಡು ಅಕ್ಷರಗಳ ಮೇಲೆ ಬೆರಳಿಟ್ಟಳು. ನಾನೇನಾದರೂ ಹೇಳಲಿ ಎಂದು ಕಾದಳೋ, ಹೇಳದಿರಲಿ ಎಂದು ಕಾದಳೋ ತಿಳಿಯದು. ಆಮೇಲೆ ಹಾಳೆಯನ್ನು ಕಡ್ಡಿಗೆ ಅದರದೇ ತೂತಿನಲ್ಲಿ ಚುಚ್ಚಿ, “ಉಪ್ಪುಕಾಗದ ಎಲ್ಲಿ?” ಎಂದಳು.

ಈ ವರ್ಷ ನಮಗೆ ಹಬ್ಬವಿಲ್ಲ. ನವರಾತ್ರಿಗೆ ಹನ್ನೆರಡು ದಿನವಿತ್ತು. ಗೊಂಬೆಗಳ ಪೆಟ್ಟಿಗೆ ಅಟ್ಟದಿಂದ ಇಳಿಯುವುದಿಲ್ಲ, ಆಯುಧಗಳಿಗೆ ಗಂಧವಿಲ್ಲ. ಇದ್ದದ್ದು ಹೋದ ವರ್ಷದ್ದು. ಅವಳು ಅದನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ತೆಗೆದಳು. ನಾನು ಕ್ಲಾಂಪಿನ ಒಳಮೈ ಕೆರೆದೆ. ಸೀಸ ಮತ್ತೆ ಹೊಳೆಯಿತು. ಅವರು ಮನಸ್ಸು ಬಾರದೆ ಬಿಟ್ಟಿದ್ದನ್ನು ನಾವಿಬ್ಬರು ಒರೆಸಿದೆವು. ಬಟ್ಟೆಯಲ್ಲಿ ಕೆಂಪು ಕಲೆ ಉಳಿಯಿತು. ಆ ಬಟ್ಟೆಯನ್ನು ನಾನು ಎಸೆಯಲಿಲ್ಲ.

ಉಜ್ಜುತ್ತ ಉಜ್ಜುತ್ತ ನನಗೆ ಒಂದು ಮಾತು ಸ್ಪಷ್ಟವಾಯಿತು. ಇಷ್ಟು ದಿನ ಅವಳು ಹೊತ್ತದ್ದು ಅವಳದಲ್ಲ. ಅದು ಅವಳ ಹೆಗಲಿನಿಂದ ಇಳಿಯುವುದಾದರೆ ನನ್ನ ಕೈಗೆ ಬರುತ್ತದೆ. ಬರಲಿ. ನನ್ನ ಕೈ ದೊಡ್ಡದು. ‘ಹೇಳಕ್ಕಾಗಲ್ಲ’ ಎಂದ ಡಾಕ್ಟರ ಮಾತು ಅವಳ ಪಾಲಿಗೆ ಸಾಲದು, ನನ್ನ ಪಾಲಿಗೆ ಸಾಕು. ಅದನ್ನಿಟ್ಟುಕೊಂಡು ನಾನು ಬದುಕಬಲ್ಲೆ.

ಪ್ಲಸ್ ಮೊದಲು, ಮೈನಸ್ ಆಮೇಲೆ. ಸುಮೇಧಾ ಬಿಗಿದಳು, ನಾನು ಇನ್ನೊಂದು ಸುತ್ತು ಬಿಗಿದೆ. ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನ್ ಸವರಿದೆವು. ಗೋಪಾಲಸಾಮಿಯವರು ಟೀ ಮುಗಿಸಿ, ಮೇಸ್ತ್ರಿಯನ್ನೂ ಹುಡುಗರನ್ನೂ ಹಿಂದೆ ಹಾಕಿಕೊಂಡು ಬಂದರು.

“ಏನು ಅಮ್ಮಿಣಿ, ಗಾಡಿಗೆ ಏನಾಗಿತ್ತು?” ಎಂದು ಸುಮೇಧಾಳನ್ನು ಕೇಳಿದರು.

“ನೀವೇ ಹೇಳಿ ತಾತಾ. ಮೂವತ್ತು ವರ್ಷ ಬಸ್ಸಲ್ಲಿ ಇದ್ದವರಲ್ವಾ?”

“ನಾನು ವಿಸಿಲ್ ಊದೋನು ಕಣ್ಣಾ. ಗಾಡಿ ಯಾಕೆ ನಿಂತಿತು ಅಂತ ಡ್ರೈವರ್ ಹತ್ರ ಕೇಳಬೇಕು. ಟಿಕೆಟ್ ಬೇಕಿದ್ರೆ ಕೇಳು, ಹರಿದು ಕೊಡ್ತೇನೆ.”

ಅವಳು ನಗಲಿಲ್ಲ. ಆದರೆ ಅವರಿಗೆ ಉತ್ತರ ಕೊಟ್ಟಳಲ್ಲ, ಅಷ್ಟೇ ಸಾಕೆನಿಸಿತು.

ಸೀಟಿನಲ್ಲಿ ಕುಳಿತು ದೊಡ್ಡ ಲೈಟು ಹಾಕಿದೆ. ಸುಮೇಧಾ ಮತ್ತೆ ಲೈಟಿನ ಮುಂದೆ ಅಂಗೈ ಹಿಡಿದು ನಿಂತಳು. ಕೀ ತಿರುಗಿಸಿದೆ. ಟಕ್ ಎನ್ನಲಿಲ್ಲ. ಇಂಜಿನ್ನು ಒಂದೇ ಎಳೆತಕ್ಕೆ ಹತ್ತಿ, ತಗಡಿ‍ನ ಮಾಡು ಗುಡುಗುಡು ಅದುರಿತು. ಅಗೆಯುವ ಹುಡುಗರು ಚಪ್ಪಾಳೆ ಹೊಡೆದರು. ಗೋಪಾಲಸಾಮಿಯವರು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿ, “ರೈಟ್! ಪೋಲಾಂ ರೈಟ್!” ಎಂದು, ಹೊರಡುವ ಬಸ್ಸಿಗೆ ಬಡಿಯುವಂತೆ ಕಾರಿನ ಬೆನ್ನಿಗೆ ಬಡಿದರು.

ನಾನು ಹೊರಡಲಿಲ್ಲ. ಸುಮೇಧಾ ಬೆಳಕಿನೆದುರು ಹಿಡಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಬೆಳಕು ಅವಳ ಬೆರಳುಗಳ ಸಂದಿಯಲ್ಲಿ ಕೆಂಪಗೆ ಕಾಣುತ್ತಿತ್ತು. ಆಮೇಲೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಕಾರನ್ನು ಸುತ್ತಿ ಎಡಗಡೆಗೆ ಬಂದಳು. ಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಳು. ನಾನು ಕರೆಯಲಿಲ್ಲ, ಒಳಗಿನಿಂದ ಬಾಗಿಲು ತೆಗೆದುಕೊಡಲೂ ಇಲ್ಲ. ಮೇಸ್ತ್ರಿ ಏನೋ ಹೇಳಲು ಹೋದ. ಗೋಪಾಲಸಾಮಿ ಅವನ ತೋಳು ಹಿಡಿದರು.

ಅವಳು ಬಾಗಿಲು ತೆಗೆದು ಒಳಗೆ ಬಂದು ಅಪ್ಪ ಕುಳಿತಿದ್ದ ಸೀಟಿನಲ್ಲಿ ಕುಳಿತಳು. ಬಾಗಿಲು ಹಾಕಿಕೊಂಡಳು. ಹೊರಗಿನ ಸದ್ದು ತಗ್ಗಿತು. ತಲೆಯೆತ್ತಿ ಮೇಲೆ ನೋಡಿ, ಕೈ ಚಾಚಿ ಆ ಪುಟ್ಟ ಸ್ವಿಚ್ಚು ಒತ್ತಿದಳು. ಲೈಟು ಹತ್ತಿತು. ಆರಿಸಿದಳು. ಮತ್ತೆ ಹತ್ತಿಸಿ, ಹಾಗೇ ಬಿಟ್ಟಳು. ನಾನು ಇಂಜಿನ್ ಆರಿಸದೆ, ಎರಡು ಕೈಗಳನ್ನೂ ಮಡಿಲಿನಲ್ಲಿಟ್ಟುಕೊಂಡು ಕಾದೆ. ಈಗ ನನ್ನ ಬಳಿ ಉತ್ತರವಿತ್ತು.

“ಅಮ್ಮಾ,” ಎಂದಳು, ಮುಂದಿನ ಗಾಜನ್ನೇ ನೋಡುತ್ತ. “ಅವತ್ತು ನಾನು ಈ ಲೈಟ್ ಆರಿಸದೆ ಬಂದುಬಿಟ್ಟಿದ್ದೆ. ಅಪ್ಪಾ ಹೋದದ್ದು ನನ್ನಿಂದಾನಾ?”